ಅಲಿಯ ಕಾಲು, ಹುಡುಗನ ಕಾಲು: ಫುಟ್‌ವರ್ಕ್ ಬಗ್ಗೆ ಒಂದು ಪ್ರಕರಣ ಅಧ್ಯಯನ

ಬಾಕ್ಸಿಂಗ್ ಕಲಿಸುವವರಿಗೆ ಈ ಪರಿಸ್ಥಿತಿ ಹೊಸದಲ್ಲ. ಚುರುಕು ಕಾಲಿನ ಹುಡುಗನೊಬ್ಬ ಮೊಹಮ್ಮದ್ ಅಲಿಯ ಹಳೆಯ ಫೈಟ್‌ಗಳನ್ನು ನೋಡುತ್ತಾನೆ. ಮರುದಿನದಿಂದ ಕೈ ಸೊಂಟಕ್ಕೆ ಇಳಿಯುತ್ತದೆ. ಹಿಮ್ಮಡಿ ನೆಲ ಬಿಡುತ್ತದೆ. ಪಂಚ್ ಬಂದರೆ ತಲೆ ಹಿಂದಕ್ಕೆ ವಾಲುತ್ತದೆ. ನೋಡೋಕೆ ಚೆಂದ. ಗೆಲ್ಲುವುದೂ ಉಂಟು, ಸ್ವಲ್ಪ ದಿನ.

ಅಂಥ ಒಬ್ಬ ಹುಡುಗನ ಜೊತೆ ಕೋಚ್ ಆಗಿ ನಾನು ಮಾಡಿದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನ ಒಪ್ಪಿಗೆ ಇದೆ. ಹೆಸರು, ಕ್ಲಬ್, ಟೂರ್ನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ‘ಹುಡುಗ’ ಅಂತಲೇ ಕರೆಯುತ್ತೇನೆ.

ಹಿನ್ನೆಲೆ

ಹುಡುಗ 71 ಕೆಜಿ ವಿಭಾಗದವನು. ಆ ತೂಕಕ್ಕೆ ಎತ್ತರ ಜಾಸ್ತಿ, ಕೈಯೂ ಉದ್ದ. ಎಡಗಾಲು ಮುಂದೆ, ಬಲಗೈ ಹಿಂದೆ, ಅಂದರೆ ಆರ್ಥೊಡಾಕ್ಸ್ ನಿಲುವು. ಹುಟ್ಟಿನಿಂದಲೇ ಬಂದ ವೇಗ. ಸ್ಕಿಪಿಂಗ್ ಹಗ್ಗ ಹಿಡಿದರೆ ಉಳಿದವರು ಕೆಲಸ ಬಿಟ್ಟು ನೋಡುತ್ತಿದ್ದರು.

ಅಲಿಯನ್ನು ಅವನು ಸುಮ್ನೆ ನೋಡಿರಲಿಲ್ಲ, ಬಾಯಿಪಾಠ ಮಾಡಿದ್ದ. 1964ರಲ್ಲಿ ಸನ್ನಿ ಲಿಸ್ಟನ್ ಎದುರಿನ ಫೈಟ್, 1966ರಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಎದುರಿನದು. ಯಾವ ರೌಂಡ್‌ನಲ್ಲಿ ಏನಾಯಿತು ಅಂತ ಕೇಳಿದರೆ ಥಟ್ಟನೆ ಹೇಳುತ್ತಿದ್ದ. ಎಡಗೈ ಕೆಳಗಿಟ್ಟು ಅಲ್ಲಿಂದಲೇ ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ಹಾರಿಸುವುದು, ರಿಂಗ್ ತುಂಬ ಕುಣಿಯುತ್ತಾ ಸುತ್ತುವುದು, ಪಂಚ್ ಬಂದಾಗ ಸೊಂಟದಿಂದ ಹಿಂದಕ್ಕೆ ಬಾಗುವುದು, ಎಲ್ಲವನ್ನೂ ತನ್ನ ಆಟಕ್ಕೆ ತಂದಿದ್ದ. ಕಾಲುಗಳನ್ನು ಹಿಂದೆ ಮುಂದೆ ಪಟಪಟನೆ ಅದಲುಬದಲು ಮಾಡುವ ‘ಅಲಿ ಷಫಲ್’ ಕೂಡ ಇತ್ತು.

ಶುರುವಿನ ಪಂದ್ಯಗಳಲ್ಲಿ ಇದು ನಡೆಯಿತು. ಹೊಸಬರು ತಲೆಗೆ ಗುರಿಯಿಟ್ಟು ಕೈ ಬೀಸುತ್ತಾರೆ. ತಲೆ ಅಲ್ಲಿರುವುದಿಲ್ಲ. ತಿರುಗಿ ಜ್ಯಾಬ್ ತಿನ್ನುತ್ತಾರೆ. ಹುಡುಗನಿಗೂ ಅವನ ಗೆಳೆಯರಿಗೂ ಇದೇ ಸರಿ ದಾರಿ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ತೊಂದರೆ ಎಲ್ಲಿ ಶುರುವಾಯಿತು

ಆಮೇಲೆ ಒಬ್ಬ ಗಿಡ್ಡ, ಗಟ್ಟಿ ಮೈಯ ಎದುರಾಳಿ ಸಿಕ್ಕಿದ. ಅವನದು ದೊಡ್ಡ ವೇಗವೇನಲ್ಲ. ಆದರೆ ರಿಂಗಿನ ಮಧ್ಯ ಬಿಟ್ಟುಕೊಡಲಿಲ್ಲ. ಹುಡುಗ ರಿಂಗಿನ ಅಂಚಿನ ಹಗ್ಗದ ಪಕ್ಕ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದರೆ, ಅವನು ಮಧ್ಯದಲ್ಲಿ ನಿಂತು ಒಂದೊಂದೇ ಹೆಜ್ಜೆ ತಿರುಗುತ್ತಿದ್ದ. ಎರಡನೇ ರೌಂಡ್ ಮುಗಿಯುವ ಹೊತ್ತಿಗೆ ಹುಡುಗನ ಕಾಲು ಭಾರವಾಗಿತ್ತು. ಮೂರನೇ ರೌಂಡ್‌ನಲ್ಲಿ ಎಡ ಹುಕ್ (ಮೊಣಕೈ ಮಡಿಸಿ ಪಕ್ಕದಿಂದ ಬೀಸುವ ಪಂಚ್) ಮೇಲೆ ಎಡ ಹುಕ್ ಬಿತ್ತು. ಐವರು ಜಡ್ಜ್‌ಗಳೂ ಎದುರಾಳಿಗೇ ಕೊಟ್ಟರು.

ಸೋತದ್ದಕ್ಕಿಂತ ಸೋತ ರೀತಿ ಮುಖ್ಯ. ವಿಡಿಯೊ ಹಾಕಿ ಎರಡು ಕ್ಷಣಗಳಲ್ಲಿ ನಿಲ್ಲಿಸಿ ನೋಡಿದೆವು.

ಒಂದು, ಹುಡುಗನ ಜ್ಯಾಬ್ ಎದುರಾಳಿಯನ್ನು ಮುಟ್ಟುವ ಕ್ಷಣ. ಸುಮಾರು ಸಲ ಅವನ ಎರಡೂ ಪಾದ ನೆಲದ ಮೇಲೆ ಇರಲೇ ಇಲ್ಲ, ಕುಪ್ಪಳಿಸುವ ಮಧ್ಯದಲ್ಲಿದ್ದವು. ಪಂಚ್‌ನ ಬಲ ಹುಟ್ಟುವುದು ಪಾದ ನೆಲವನ್ನು ಒತ್ತಿದಾಗ. ಗಾಳಿಯಲ್ಲಿರುವವನ ಜ್ಯಾಬ್‌ನಲ್ಲಿ ಕೈಯ ತೂಕ ಬಿಟ್ಟರೆ ಬೇರೇನೂ ಇರುವುದಿಲ್ಲ. ಎದುರಾಳಿ ಅದನ್ನು ಹಣೆಯ ಮೇಲೆ ತಗೊಂಡು ಮುಂದೆ ಬರುತ್ತಿದ್ದ.

ಎರಡು, ಹುಕ್ ಬಿದ್ದ ಕ್ಷಣ. ಹುಡುಗನ ಬೆನ್ನು ಹಿಂದಕ್ಕೆ ಬಾಗಿದೆ. ಗಲ್ಲ ಮೇಲೆದ್ದಿದೆ. ಬಲಗೈ ಎದೆಯ ಹತ್ತಿರ ಇದೆ. ಕಾಲು ಮಾತ್ರ ಇದ್ದಲ್ಲೇ ಇದೆ, ಅದೂ ಎರಡೂ ಪಾದ ಹತ್ತಿರ ಹತ್ತಿರ. ತಲೆ ಹಿಂದೆ ಹೋಗಿದೆ, ಮೈ ಹೋಗಿಲ್ಲ. ಎದುರಾಳಿ ಅರ್ಧ ಹೆಜ್ಜೆ ಮುಂದಿಟ್ಟರೆ ಸಾಕು, ಹುಕ್ ನೇರ ದವಡೆಗೆ ಬರುತ್ತದೆ.

ಇನ್ನೊಂದು ಸಂಗತಿ ಸಲ ಸಲ ನೋಡಿದ ಮೇಲೆ ಕಂಡಿತು. ಹುಡುಗನ ಕುಪ್ಪಳಿಕೆಗೆ ಒಂದೇ ತಾಳವಿತ್ತು. ಎದುರಾಳಿ ಆ ತಾಳ ಹಿಡಿದಿದ್ದ. ಹುಡುಗ ಮೇಲೇಳುವಾಗಲೇ ಅವನು ಒಳಗೆ ನುಗ್ಗುತ್ತಿದ್ದ. ಗಾಳಿಯಲ್ಲಿರುವ ಮನುಷ್ಯ ದಿಕ್ಕು ಬದಲಿಸಲಾರ, ಇಳಿಯುವವರೆಗೆ ಕಾಯಲೇಬೇಕು. ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು ಅಷ್ಟೇ. ಹುಕ್‌ಗೆ ಅಷ್ಟು ಸಾಕು.

ಮೊದಲ ಪ್ರಯತ್ನ

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಕುಣಿತ ಬಂದ್. ಎರಡೂ ಕೈ ಕೆನ್ನೆಗೆ. ಪಾದ ಅಗಲ, ಹೆಜ್ಜೆ ಚಿಕ್ಕದು. ಬಹಳ ಹುಡುಗರಿಗೆ ಇದು ಸರಿಹೋಗುತ್ತದೆ, ಈಗಲೂ ಹೊಸಬರಿಗೆ ನಾನು ಇದನ್ನೇ ಕಲಿಸುತ್ತೇನೆ.

ಇವನಿಗೆ ಸರಿಹೋಗಲಿಲ್ಲ. ಕೆಲವು ವಾರ ಕಳೆದರೂ ಮೈ ಬಿಗಿಯಾಗಿಯೇ ಇತ್ತು. ಜ್ಯಾಬ್ ನಿಧಾನವಾಯಿತು. ಕಾಲನ್ನು ಯೋಚಿಸಿ ಯೋಚಿಸಿ ಎತ್ತಿಡುತ್ತಿದ್ದ. ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಫೈಟ್‌ನಲ್ಲಿ, ಮೊದಲಿಗಿಂತ ಜಾಸ್ತಿ ಏಟು ತಿಂದ. ಅವನ ಆಟದಲ್ಲಿ ಇದ್ದ ಒಳ್ಳೆಯದೆಲ್ಲ ಕಾಲಿನಿಂದ ಬಂದದ್ದು, ಕಾಲನ್ನು ಕಟ್ಟಿಹಾಕಿದರೆ ಉಳಿಯುವುದೇನು?

ಒಂದು ದಿನ ಅಭ್ಯಾಸಕ್ಕೆ ಕೈಗೆ ಸುತ್ತಿದ್ದ ಬ್ಯಾಂಡೇಜ್ ಬಿಚ್ಚುತ್ತಾ ಕೇಳಿದ: “ಹಾಗಾದ್ರೆ ಅಲಿ ಆಡ್ತಿದ್ದದ್ದು ತಪ್ಪಾ ಸರ್?”

ಈ ಪ್ರಕರಣ ತಿರುಗಿದ್ದು ಈ ಪ್ರಶ್ನೆಯಿಂದ. “ಅವರು ಅಲಿ, ನೀನು ನೀನು” ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಅದು ಉತ್ತರವಲ್ಲ, ಬಾಯಿ ಮುಚ್ಚಿಸುವ ಮಾತು. ಅಲಿ ಮಾಡಿದ್ದು ಯಾಕೆ ನಡೆಯಿತು, ಯಾವಾಗ ನಡೆಯಲಿಲ್ಲ ಅಂತ ಅವನಿಗೇ ಕಾಣಬೇಕಿತ್ತು.

ರಟ್ಟು ಅಡ್ಡ ಇಟ್ಟು ನೋಡಿದ್ದು

ಪರದೆಯ ಮೇಲರ್ಧಕ್ಕೆ ಒಂದು ರಟ್ಟು ಅಡ್ಡ ಇಟ್ಟೆವು. ಅಲಿಯ ಮುಖ ಇಲ್ಲ, ಕೈ ಇಲ್ಲ. ಬರೀ ಕಾಲು. ಹಾಕಿದ್ದು ವಿಲಿಯಮ್ಸ್ ಫೈಟ್, 1966ರ ನವೆಂಬರ್, ಹ್ಯೂಸ್ಟನ್‌ನ ಆಸ್ಟ್ರೊಡೋಮ್. ಅಲಿಯ ಅತ್ಯುತ್ತಮ ಆಟ ಅಂತ ತುಂಬಾ ಜನ ಹೇಳುವುದು ಇದನ್ನೇ. ಒಂದು ಮಾತು ಇಲ್ಲಿ ಹೇಳಲೇಬೇಕು. ವಿಲಿಯಮ್ಸ್ 1964ರಲ್ಲಿ ಪೊಲೀಸ್ ಗುಂಡೇಟು ತಿಂದು ಸಾವಿನ ಬಾಯಿಂದ ಬಂದವನು. ರಿಂಗಿನಲ್ಲಿದ್ದದ್ದು ಹಳೆಯ ವಿಲಿಯಮ್ಸ್ ಅಲ್ಲ. ಫಲಿತಾಂಶದಿಂದ ಕಲಿಯುವುದು ಕಡಿಮೆ, ಕಾಲಿನಿಂದ ಕಲಿಯುವುದು ಬಹಳ.

ಹುಡುಗ ಮೊದಲು ಗಮನಿಸಿದ್ದು ಎತ್ತರ. ಅಲಿಯ ಪಾದ ನೆಲದಿಂದ ಅಷ್ಟೇನೂ ಮೇಲೇಳುವುದಿಲ್ಲ. ಕುಣಿದ ಹಾಗೆ ಕಾಣುವುದು ಮೇಲಿನ ಮೈ ಸಡಿಲವಾಗಿರುವುದರಿಂದ. ಕೆಳಗೆ ನಡೆಯುವುದು ಜಾರುವ ಸಣ್ಣ ಹೆಜ್ಜೆ. ಎಡಕ್ಕೆ ಹೋಗುವಾಗ ಎಡಗಾಲು ಮೊದಲು, ಬಲಕ್ಕೆ ಹೋಗುವಾಗ ಬಲಗಾಲು ಮೊದಲು.

ಎರಡನೆಯದನ್ನು ಅವನೇ ಹೇಳಿದ: “ಹೊಡೆಯೋ ಮುಂಚೆ ಕಾಲು ನಿಲ್ತದೆ ಸರ್.” ಹೌದು. ಇಷ್ಟು ದಿನ ನಾವಿಬ್ಬರೂ ಹುಡುಕುತ್ತಿದ್ದದ್ದು ಅದನ್ನೇ. ಸುತ್ತುತ್ತಾ ಸುತ್ತುತ್ತಾ ಇರುವ ಕಾಲು, ಬಲವಾದ ಪಂಚ್‌ಗಳ ಸರಣಿ ಶುರುವಾಗುವ ಮುನ್ನ ಒಂದು ಕ್ಷಣ ನೆಲ ಕಚ್ಚುತ್ತದೆ. ಹಿಂದಿನ ಪಾದದ ಮುಂಭಾಗ ನೆಲ ಒತ್ತುತ್ತದೆ. ಪಂಚ್‌ಗಳು ಹೋಗುತ್ತವೆ. ಮತ್ತೆ ಕಾಲು ಹೊರಡುತ್ತದೆ, ಬೇರೆ ಕಡೆಗೆ. ಕುಣಿತದ ಮಧ್ಯೆ ಈ ನಿಲುಗಡೆ ಇಲ್ಲದಿದ್ದರೆ ವಿಲಿಯಮ್ಸ್ ಆವತ್ತು ಮೂರನೇ ರೌಂಡ್‌ಗೇ ಮುಗಿಯುತ್ತಿರಲಿಲ್ಲ.

ಷಫಲ್ ಬಂದಾಗ ಮತ್ತೆ ನಿಲ್ಲಿಸಿದೆವು. ಎದುರಾಳಿಯ ಕೈಗೆ ಸಿಗದ ದೂರದಲ್ಲಿ ಕಾಲು ಪಟಪಟ ಅನ್ನುತ್ತದೆ. ವಿಲಿಯಮ್ಸ್‌ಗೆ ಅದಕ್ಕೆ ಉತ್ತರ ಕೊಡುವ ದಾರಿ ಇಲ್ಲ. ನಮ್ಮ ಹುಡುಗ ಅದನ್ನು ಹುಕ್ ತಗಲುವ ದೂರದಲ್ಲಿ ಮಾಡುತ್ತಿದ್ದ.

ಆಮೇಲೆ ಲಿಸ್ಟನ್ ಫೈಟ್. 1964ರ ಫೆಬ್ರವರಿ, ಮಯಾಮಿ ಬೀಚ್. ಆಗ ಅಲಿಗೆ 22 ವರ್ಷ, ಹೆಸರು ಇನ್ನೂ ಕ್ಯಾಸಿಯಸ್ ಕ್ಲೇ. ಲಿಸ್ಟನ್‌ನ ಎಡಗೈ ಭಯಂಕರ. ಅಲಿ ಹೆಚ್ಚಾಗಿ ತನ್ನ ಎಡಕ್ಕೇ ಸುತ್ತಿದ, ಅಂದರೆ ಆ ಎಡಗೈಯಿಂದ ದೂರಕ್ಕೆ. ಐದನೇ ರೌಂಡ್‌ಗೆ ಕಣ್ಣಿಗೆ ಏನೋ ಬಿದ್ದು ಉರಿ ಶುರುವಾಯಿತು, ಸರಿಯಾಗಿ ಕಾಣುತ್ತಿರಲಿಲ್ಲ. ಕೋಚ್ ಆಂಜೆಲೊ ಡಂಡಿ ಅವನನ್ನು ರಿಂಗಿಗೆ ತಳ್ಳಿ, ಓಡಾಡು ಅಂದರು. ಎಡಗೈ ಉದ್ದಕ್ಕೆ ಚಾಚಿ, ಲಿಸ್ಟನ್ ಎಷ್ಟು ದೂರದಲ್ಲಿದ್ದಾನೆ ಅಂತ ಮುಟ್ಟಿ ತಿಳಿಯುತ್ತಾ, ಕಾಲಿನ ಬಲದಲ್ಲೇ ಆ ರೌಂಡ್ ದಾಟಿಸಿದ. ಏಳನೇ ರೌಂಡ್‌ಗೆ ಲಿಸ್ಟನ್ ಸ್ಟೂಲ್‌ನಿಂದ ಏಳಲೇ ಇಲ್ಲ. ಆ ಐದನೇ ರೌಂಡನ್ನು ಹುಡುಗನಿಗೆ ನಾಲ್ಕಾರು ಸಲ ತೋರಿಸಿದೆ. ಕಾಲಿನ ಕೆಲಸ ದೂರ ಕಾಯುವುದು. ಕುಣಿತ ಅದಕ್ಕೆ ಒಂದು ದಾರಿ ಅಷ್ಟೇ.

ಅಲಿಗೇ ನಡೆಯದಿದ್ದಾಗ

ಇಷ್ಟು ನೋಡಿ ಬಿಟ್ಟಿದ್ದರೆ ಅರ್ಧ ಪಾಠ. ಏಟು ತಿಂದದ್ದನ್ನೂ ನೋಡಬೇಕು ಅಲ್ವಾ?

1963ರಲ್ಲಿ ವೆಂಬ್ಲಿಯಲ್ಲಿ ಹೆನ್ರಿ ಕೂಪರ್‌ನ ಎಡ ಹುಕ್ ಅಲಿಯನ್ನು ಕೆಡವಿತು, ನಾಲ್ಕನೇ ರೌಂಡ್ ಮುಗಿಯುವ ಹೊತ್ತಿಗೆ. ಬಿದ್ದದ್ದು ಹಗ್ಗದ ಹತ್ತಿರ. ಹಿಂದೆ ಹೋಗಲು ಜಾಗವಿರಲಿಲ್ಲ. 1971ರ ಮಾರ್ಚ್‌ನಲ್ಲಿ ಜೋ ಫ್ರೇಜಿಯರ್ 15ನೇ ರೌಂಡ್‌ನಲ್ಲಿ ಕೆಡವಿದ್ದೂ ಎಡ ಹುಕ್‌ನಿಂದಲೇ. ನಡುವೆ ಅಲಿ ಮೂರೂವರೆ ವರ್ಷ ರಿಂಗಿನಿಂದ ಹೊರಗಿದ್ದ. ಸೈನ್ಯ ಸೇರಲು ಒಪ್ಪದ್ದಕ್ಕೆ 1967ರಲ್ಲಿ ಚಾಂಪಿಯನ್ ಪಟ್ಟ ಕಿತ್ತುಕೊಂಡಿದ್ದರು, ಮತ್ತೆ ಆಡಿದ್ದು 1970ರ ಅಕ್ಟೋಬರ್‌ನಲ್ಲಿ. ವಾಪಸ್ ಬಂದ ಅಲಿಯ ಕೈ ಹಾಗೇ ಇತ್ತು, ಕಾಲು ಹಾಗೇ ಇರಲಿಲ್ಲ. ಕಾಲು ದೂರ ಮಾಡಿಕೊಡದಿದ್ದರೆ ಹಿಂದಕ್ಕೆ ಬಾಗುವುದು ಅಪಾಯ. ಬಾಗುವುದು ಕೊನೆಯ ನಾಲ್ಕು ಬೆರಳಿನ ಅಂತರಕ್ಕೆ ಮಾತ್ರ, ಉಳಿದ ಅಂತರ ಪಾದ ಮಾಡಬೇಕು.

ಎಡ್ಡಿ ಫಚ್ ಅನ್ನುವ ಕೋಚ್ ಇದನ್ನು ಎಲ್ಲರಿಗಿಂತ ಚೆನ್ನಾಗಿ ಓದಿದರು. ಫ್ರೇಜಿಯರ್ ಪಾಳಯದಲ್ಲಿದ್ದವರು. 1973ರಲ್ಲಿ ಅಲಿಯ ದವಡೆ ಮುರಿದ ಕೆನ್ ನಾರ್ಟನ್‌ನ ಕೋಚ್ ಕೂಡ ಅವರೇ. ಅಲಿ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಬರುವ ಪಂಚ್) ಹೊಡೆಯಲು ಬಲಗೈ ಇಳಿಸಿದಾಗ ಎಡ ಹುಕ್ ಬಿಡು ಅಂತ ಫ್ರೇಜಿಯರ್‌ಗೆ ಕಲಿಸಿದರು. ಅಲಿ ಜ್ಯಾಬ್ ಬಿಡುವಾಗಲೇ ನೀನೂ ಬಿಡು ಅಂತ ನಾರ್ಟನ್‌ಗೆ. ಗಲ್ಲದ ಹತ್ತಿರ ಇಲ್ಲದ ಬಲಗೈಯೇ ಎರಡಕ್ಕೂ ಬಾಗಿಲು. ನಮ್ಮ ಹುಡುಗನಿಗೆ ಬಿದ್ದ ಹುಕ್ ಬಂದದ್ದೂ ಅದೇ ಬಾಗಿಲಿನಿಂದ.

1974ರ ಕಿನ್ಶಾಸಾ ಫೈಟ್ ನೋಡಿ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎದುರಾಳಿ ಜಾರ್ಜ್ ಫೋರ್ಮನ್ ರಿಂಗ್ ಕತ್ತರಿಸುವುದರಲ್ಲಿ, ಅಂದರೆ ಅಡ್ಡ ಹೆಜ್ಜೆ ಇಟ್ಟು ದಾರಿ ಮುಚ್ಚುವುದರಲ್ಲಿ, ಗಟ್ಟಿಗ. ಅಲಿ ಸುತ್ತಿದರೆ ಫೋರ್ಮನ್‌ಗಿಂತ ಹೆಜ್ಜೆ ಜಾಸ್ತಿ ಇಡಬೇಕಾಗುತ್ತಿತ್ತು. ಎರಡನೇ ರೌಂಡ್‌ನಿಂದ ಅಲಿ ಕುಣಿಯುವುದನ್ನೇ ಬಿಟ್ಟು ಹಗ್ಗಕ್ಕೆ ಒರಗಿ ನಿಂತ, ಎರಡೂ ಕೈ ಮೇಲಿಟ್ಟು. ಎಂಟನೇ ರೌಂಡ್‌ನಲ್ಲಿ ನಾಕ್‌ಔಟ್ ಮಾಡಿದ. ಲೆಕ್ಕ ಕೂಡದಿದ್ದಾಗ ಅಲಿಯೇ ಅಲಿಯ ಹಾಗೆ ಆಡಲಿಲ್ಲ. ಇದನ್ನು ನಾನು ಹೇಳಬೇಕಾಗಲಿಲ್ಲ, ಹುಡುಗನಿಗೆ ಅರ್ಥವಾಗಿತ್ತು.

ಎರಡನೇ ಪ್ರಯತ್ನ

ಕಾಲು ಬಿಟ್ಟುಕೊಟ್ಟೆವು, ಆದರೆ ಶರತ್ತಿನ ಮೇಲೆ.

ಮೊದಲು ಸದ್ದು. ಶ್ಯಾಡೋ ಬಾಕ್ಸಿಂಗ್ (ಎದುರಾಳಿ ಇಲ್ಲದೆ ಗಾಳಿಗೆ ಹೊಡೆಯುವ ಅಭ್ಯಾಸ) ಮಾಡುವಾಗ ಸಂಗೀತ ಬಂದ್ ಮಾಡಿ ಬರೀ ಬೂಟಿನ ಸದ್ದು ಕೇಳುತ್ತಿದ್ದೆವು. ‘ದಬ್’ ಅಂದರೆ ಕುಪ್ಪಳಿಸಿದ. ‘ಸರ್ರ್’ ಅಂತ ಜಾರಿದ ಸದ್ದು ಬಂದರೆ ಸರಿ. ಕೆಲವೇ ದಿನಗಳಲ್ಲಿ ಅವನೇ ತನ್ನ ಸದ್ದು ಕೇಳಿ ತಿದ್ದಿಕೊಳ್ಳಲು ಶುರುಮಾಡಿದ.

ಆಮೇಲೆ ಹಗ್ಗ. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ, ಮಧ್ಯೆ ಜ್ಯಾಬ್ ತಾಗುವುದಕ್ಕಿಂತ ಸ್ವಲ್ಪ ಜಾಸ್ತಿ ಅಂತರ. ಒಬ್ಬ ಮುಂದೆ ಬರುತ್ತಾನೆ, ಹಿಂದೆ ಹೋಗುತ್ತಾನೆ, ಪಕ್ಕಕ್ಕೆ ಹೋಗುತ್ತಾನೆ. ಇನ್ನೊಬ್ಬ ಹಗ್ಗ ಜೋತು ಬೀಳದ ಹಾಗೆ, ಬಿಗಿಯೂ ಆಗದ ಹಾಗೆ ಜೊತೆಗೆ ಹೋಗಬೇಕು. ಪಂಚ್ ಇಲ್ಲ. ನೋಡೋಕೆ ಸುಲಭ. ಹುಡುಗ ಮೊದಲ ಸಲ ಮಾಡಿದಾಗ ಹಗ್ಗ ಎಳೆದಾಡಿಬಿಟ್ಟ. ಅವನ ಕಾಲು ಬೇಗ ಇತ್ತು, ಆದರೆ ಎದುರಿನವನನ್ನು ನೋಡಿ ಹೋಗುತ್ತಿರಲಿಲ್ಲ, ತನ್ನ ತಾಳಕ್ಕೆ ಹೋಗುತ್ತಿತ್ತು. ಅವನ ಫುಟ್‌ವರ್ಕ್‌ನ ನಿಜವಾದ ರೋಗ ನನಗೆ ಸ್ಪಷ್ಟವಾಗಿ ಕಂಡದ್ದು ಇಲ್ಲಿ. ಉಳಿದ ಎಲ್ಲಕ್ಕಿಂತ ಜಾಸ್ತಿ ಸಮಯ ಇದಕ್ಕೇ ಕೊಟ್ಟೆವು.

ಕೋಚ್ ಕೈಯಲ್ಲಿ ಹಿಡಿದ ಪ್ಯಾಡ್‌ಗೆ ಹೊಡೆಯುವ ಕೆಲಸದಲ್ಲಿ ನಿಯಮ ಒಂದೇ: ನಿಲ್ಲು, ಹೊಡೆ, ಹೊರಡು. ಹೊರಡುವುದು ಹಿಂದಕ್ಕಲ್ಲ. ಎಡಗಾಲಿನ ಮೇಲೆ ತಿರುಗಿ ಬಲಗಾಲನ್ನು ಹಿಂದಿನಿಂದ ಎಡಕ್ಕೆ ಎಳೆದುಕೊಳ್ಳುವ ಪಿವಟ್. ಹುಕ್ ಹೊಡೆಯುವ ಎದುರಾಳಿಗೆ ಇದು ಸರಿ, ಅವನ ಎಡಗೈಯಿಂದ ದೂರ ಹೋದ ಹಾಗಾಗುತ್ತದೆ. ಅವನ ಬಲಗೈಗೆ ಹತ್ತಿರ ಹೋಗುತ್ತೇವೆ ಅನ್ನುವುದೂ ನಿಜ. ಅದಕ್ಕೇ ತಿರುಗುವಾಗ ಎಡ ಭುಜ ಗಲ್ಲ ಮುಚ್ಚಿರಬೇಕು.

ಕೈಯ ವಿಷಯದಲ್ಲಿ ರಾಜಿ ಮಾಡಿಕೊಂಡೆವು. ಬಲಗೈ ಗಲ್ಲ ಬಿಡುವ ಹಾಗಿಲ್ಲ, ಅದರಲ್ಲಿ ಮಾತಿಲ್ಲ. ಎಡಗೈ ದೂರದಲ್ಲಿದ್ದಾಗ ಎದೆಯ ಮಟ್ಟಕ್ಕೆ ಇಳಿಸಬಹುದು, ಅವನ ಜ್ಯಾಬ್ ಕೆಳಗಿನಿಂದ ಬಂದಾಗ ಎದುರಾಳಿಗೆ ಕಾಣುವುದೇ ತಡ. ಹತ್ತಿರ ಬಂದರೆ ಮೇಲೆ. ಇದನ್ನು ಒಪ್ಪದ ಕೋಚ್‌ಗಳಿದ್ದಾರೆ. ಅವರ ಭಯಕ್ಕೆ ಕಾರಣವಿದೆ. ಆದರೆ ಈ ಹುಡುಗನ ದೊಡ್ಡ ಆಯುಧ ಆ ಜ್ಯಾಬ್, ಅದನ್ನು ಮೊಂಡು ಮಾಡಿ ರಿಂಗಿಗೆ ಕಳಿಸುವುದು ನನಗೆ ಸರಿ ಕಾಣಲಿಲ್ಲ.

ಏನಾಯಿತು

ಸ್ಪಾರಿಂಗ್‌ನಲ್ಲಿ ಬೇಗ ಬಂತು, ಒತ್ತಡದಲ್ಲಿ ಬೇಗ ಹೋಯಿತು. ಒಂದು ಗಟ್ಟಿ ಏಟು ಬಿದ್ದರೆ ಸಾಕು, ಹಳೆಯ ಕುಣಿತ ಹಾಜರ್. ಹೊಸದಾಗಿ ಕಲಿತದ್ದು ಮೊದಲು ಬಿಟ್ಟುಹೋಗುವುದು ಹೆದರಿದಾಗ. ಹಾಗಾಗಿ ಸುಸ್ತಾದ ಮೇಲೆ ಅಭ್ಯಾಸ ಮಾಡಿಸಲು ಶುರುಮಾಡಿದೆವು. ಬ್ಯಾಗ್ ಮೇಲೆ ದಮ್ಮು ಕಟ್ಟುವಷ್ಟು ಹೊಡೆದು, ತಕ್ಷಣ ಸೊಂಟಕ್ಕೆ ಹಗ್ಗ.

ತಿಂಗಳುಗಳ ನಂತರ ಅದೇ ಗಿಡ್ಡ ಎದುರಾಳಿ ಮತ್ತೆ ಸಿಕ್ಕಿದ. 3 ನಿಮಿಷದ 3 ರೌಂಡ್. ಅಲಿ 1960ರಲ್ಲಿ ರೋಮ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದದ್ದೂ ಇಷ್ಟೇ ಉದ್ದದ ಪಂದ್ಯಗಳಲ್ಲಿ. ಆದರೆ ನಾವು ಬಾಯಿಪಾಠ ಮಾಡುವ ಅಲಿ 15 ರೌಂಡ್‌ಗಳ ಅಲಿ. ಅಲ್ಲಿ ಶುರುವಿನ ರೌಂಡ್‌ಗಳನ್ನು ಎದುರಾಳಿಯನ್ನು ದಣಿಸಲು ಖರ್ಚು ಮಾಡಬಹುದು. ಇಲ್ಲಿ ಒಂದು ರೌಂಡ್ ಹೋದರೆ ಮೂರರಲ್ಲಿ ಒಂದು ಪಾಲು ಹೋಯಿತು.

ಮೊದಲ ರೌಂಡ್ ಹೋಯಿತು. ಹುಡುಗ ಚೆನ್ನಾಗಿಯೇ ಚಲಿಸಿದ, ಆದರೆ ಹೊರಗೆ ಹೊರಗೆ. ಹಿಂದೆ ಸರಿಯುವವನು ಆಟ ನಡೆಸುತ್ತಿದ್ದಾನೆ ಅಂತ ಜಡ್ಜ್‌ಗಳಿಗೆ ಅನ್ನಿಸುವುದು ಕಷ್ಟ. ಮೂಲೆಯಲ್ಲಿ ಕೂತಾಗ ಅವನಿಗೆ ಹೇಳಿದ್ದು ಒಂದೇ ಮಾತು: “ಮಧ್ಯ ಬಿಡಬೇಡ. ಅವನು ಸುತ್ತಲಿ.” ಐದು ವಿಷಯ ಹೇಳಬೇಕು ಅನ್ನಿಸುತ್ತದೆ ಆಗ. ಒಂದು ನಿಮಿಷದ ವಿರಾಮದಲ್ಲಿ, ಏದುಸಿರು ಬಿಡುವವನ ತಲೆಗೆ ಒಂದು ಹೋದರೆ ಪುಣ್ಯ.

ಎರಡನೇ ರೌಂಡ್‌ನಲ್ಲಿ ಗಂಟೆ ಹೊಡೆದ ಕೂಡಲೇ ನಡೆದು ಹೋಗಿ ಮಧ್ಯದಲ್ಲಿ ನಿಂತ. ಎದುರಾಳಿ ಅವಾಕ್ಕಾದ, ಅದು ಅವನ ಜಾಗ. ಒಳಗೆ ಬರಲು ಹೆಜ್ಜೆ ಎತ್ತಿದಾಗ ಜ್ಯಾಬ್ ಬಿತ್ತು. ಈ ಸಲ ಹುಡುಗನ ಹಿಂದಿನ ಕಾಲು ನೆಲದಲ್ಲಿತ್ತು. ಎದುರಾಳಿಯ ತಲೆ ಹಿಂದಕ್ಕೆ ಹೋಯಿತು, ಹಣೆಯ ಮೇಲೆ ತಗೊಂಡು ಬರುವ ಆಟ ಮುಗಿಯಿತು. ಹುಕ್ ಬೀಸಿದಾಗ ಹುಡುಗ ಪಿವಟ್ ಮಾಡಿ ಪಕ್ಕದಲ್ಲಿದ್ದ. ಎದುರಾಳಿ ಖಾಲಿ ಜಾಗಕ್ಕೆ ಹೊಡೆದು, ಅವನನ್ನು ಹುಡುಕಲು ತಿರುಗಿದಾಗ ಬಲಗೈ ಸಿಕ್ಕಿತು. ಇಡೀ ರೌಂಡ್ ಹೀಗೇ ನಡೆಯಲಿಲ್ಲ. ಆದರೆ ಸಾಕಾಗುವಷ್ಟು ಸಲ ನಡೆಯಿತು.

ಮೂರನೇ ರೌಂಡ್‌ನ ಕೊನೆಗೆ ಹುಡುಗ ದಣಿದ. ಹಿಂದಕ್ಕೆ ಬಾಗಿದ, ಕಾಲು ಹೋಗಲಿಲ್ಲ, ಒಂದು ಹುಕ್ ಬಿತ್ತು. ಬಲಗೈ ಗಲ್ಲದಲ್ಲಿದ್ದದ್ದಕ್ಕೆ ಅರ್ಧ ಗ್ಲೌಸ್ ಮೇಲೆ ಬಿತ್ತು. 3-2ರಲ್ಲಿ ಗೆದ್ದ.

ಇದರಿಂದ ಉಳಿದವರು ಏನು ತಗೊಳ್ಳಬಹುದು

ಈ ಗೆಲುವನ್ನು ನಾನು ದೊಡ್ಡದು ಮಾಡುವುದಿಲ್ಲ, ಒಬ್ಬ ಜಡ್ಜ್ ಆ ಕಡೆ ವಾಲಿದ್ದರೆ ಸೋಲು. ನನಗೆ ಮುಖ್ಯವಾದದ್ದು ಮೊದಲ ಪ್ರಯತ್ನ ಬಿಟ್ಟು ಎರಡನೆಯದಕ್ಕೆ ಹೋದ ತೀರ್ಮಾನ. ಚಾಂಪಿಯನ್‌ನನ್ನು ನಕಲು ಮಾಡುವ ಹುಡುಗನಿಗೆ ನಕಲು ಬೇಡ ಅನ್ನುವುದು ಸುಲಭ. ಆದರೆ ಆ ಪ್ರೀತಿಯೇ ಅವನನ್ನು ಬೆಳಿಗ್ಗೆ ಎಬ್ಬಿಸಿ ಜಿಮ್‌ಗೆ ತರುವುದು. ಅದನ್ನು ಕಿತ್ತುಹಾಕಿದರೆ ಕಲಿಸಲು ಏನೂ ಉಳಿಯುವುದಿಲ್ಲ. ನಕಲು ಮಾಡು, ಪೂರ್ತಿ ಮಾಡು, ಕಾಲು ನಿಲ್ಲುವುದನ್ನೂ ಸೇರಿಸಿ ಮಾಡು ಅಂತ ಹೇಳುವುದು ನನ್ನ ಪ್ರಕಾರ ಒಳ್ಳೆ ದಾರಿ.

ಎಲ್ಲರಿಗೂ ಇದು ಹೊಂದುತ್ತದೆ ಅನ್ನಲಾರೆ. ಕೈ ಗಿಡ್ಡ ಇರುವವರಿಗೆ ದೂರದ ಆಟವೇ ಬೇರೆ. ಅಂಥವರಿಗೆ ಅಲಿಗಿಂತ ಫ್ರೇಜಿಯರ್‌ನ ಕಾಲು ತೋರಿಸುತ್ತೇನೆ. ಬಾಗುತ್ತಾ ತೂಗುತ್ತಾ ಒಳಗೆ ಬರುವ ಅವನ ಹೆಜ್ಜೆಯೂ ದೊಡ್ಡ ಪಾಠ.

ಷಫಲ್ ಇನ್ನೂ ಇದೆ. ಕೈಗೆ ಸಿಗದ ದೂರದಲ್ಲಿ ಮಾತ್ರ ಅಂತ ಒಪ್ಪಂದ. ಖುಷಿಗಾಗಿ ಮಾಡುತ್ತಾನೆ, ಮಾಡಲಿ.

ಈಗ ಸೌತ್‌ಪಾ, ಅಂದರೆ ಬಲಗಾಲು ಮುಂದಿಟ್ಟು ಆಡುವ, ಎದುರಾಳಿಗಳ ಮೇಲೆ ಕೆಲಸ ನಡೆದಿದೆ. ಅವರ ಎದುರು ಇಬ್ಬರ ಮುಂದಿನ ಕಾಲೂ ಮುಖಾಮುಖಿ ಬರುತ್ತದೆ. ಪಾದವನ್ನು ಅವರ ಪಾದದ ಹೊರಗೆ ಇಟ್ಟರೆ ಅವರ ಎಡಗೈಯಿಂದ ದೂರ, ನಮ್ಮ ಬಲಗೈಗೆ ದಾರಿ. ಹುಡುಗ ಸದ್ಯಕ್ಕೆ ಎದುರಿನವರ ಬೂಟು ತುಳಿಯುತ್ತಿದ್ದಾನೆ. ನೆಲಕ್ಕೆ ಟೇಪ್ ಅಂಟಿಸಿ, ಜ್ಯಾಬ್ ಇಲ್ಲದೆ ಬರೀ ಆ ಒಂದು ಹೆಜ್ಜೆ ಮಾಡಿಸುತ್ತಿದ್ದೇನೆ.